ಕಸುವು, ಚುರುಕು ಮತ್ತು ತಾಕತ್ತು

(ಸಂಘದ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನನಗೆ ಕೊಟ್ಟಿರುವ ವಿಷಯ ಕ್ರೀಡೆ. ಉರ್ದು ಮತ್ತು ಕನ್ನಡ ಪಾಠ ಹೇಳುವ ಈ ಮಾಸ್ತರನಿಗೂ ಕ್ರೀಡೆಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ನಮ್ಮ ಭಾಗದ ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಕರು ಇರುವುದಿಲ್ಲ. ಹೋಬಳಿ ಮಟ್ಟದ ಕ್ರೀಡಾಕೂಟದ ಸುತ್ತೋಲೆ ಬಂದಾಗ, ಸಿಬ್ಬಂದಿಯಲ್ಲಿ ಯಾರು ವಯಸ್ಸಿನಲ್ಲಿ ಚಿಕ್ಕವರೋ ಅವರ ಕೈಗೆ ಸೀಟಿ ಬರುತ್ತದೆ. ಹಾಗೆ ಒಂದು ವರ್ಷ ಆ ಸೀಟಿ ನನ್ನ ಕೈಗೆ ಬಂತು. ಬಿ.ಎಡ್.ನಲ್ಲಿ ಕಲಿತದ್ದು ಪಾಠ ಯೋಜನೆ ಬರೆಯುವುದನ್ನು. ಮೈದಾನದಲ್ಲಿ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವನು ಅಧಿಕಾರದ ಜಾಗದಲ್ಲಿ ನಿಂತರೆ ಏನಾಗುತ್ತದೆಯೋ ಅದೇ ಆಯಿತು. ಒಂದು ತಪ್ಪು ಮಾಡಿದೆ. ಆ ತಪ್ಪಿನಿಂದಲೇ ನನ್ನ ಮಾತನ್ನು ಪ್ರಾರಂಭಿಸುತ್ತೇನೆ.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮೈಕಟ್ಟು ದಪ್ಪ, ನಡಿಗೆ ನಿಧಾನ. ಆಯ್ಕೆಗಾಗಿ ಎಲ್ಲರನ್ನೂ 100 ಮೀಟರ್ ಓಡಿಸಿದೆ. ಅವನು ಎಲ್ಲರಿಗಿಂತ ಕೊನೆಗೆ ಬಂದ. ಹುಡುಗರು ನಕ್ಕರು, ನಾನು ಅವರನ್ನು ತಡೆಯಲಿಲ್ಲ. ನನ್ನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 'ಕ್ರೀಡೆಗೆ ಯೋಗ್ಯನಲ್ಲ' ಎಂದು ಬರೆದೆ. ಸಾಲದ್ದಕ್ಕೆ, ದಿನಾ ಮೈದಾನಕ್ಕೆ ಹತ್ತು ಸುತ್ತು ಹಾಕು, ಮೈ ಕರಗಲಿ ಎಂದು ಆಜ್ಞೆ ಮಾಡಿದೆ. ನಾಲ್ಕು ದಿನ ಸುತ್ತು ಹಾಕಿದ. ಐದನೇ ದಿನ ಮೈದಾನಕ್ಕೆ ಬರಲಿಲ್ಲ. ಆಮೇಲೆ ಶಾಲೆಗೂ ಬರಲಿಲ್ಲ.

ಭತ್ತದ ಸುಗ್ಗಿಯ ಕಾಲ ಅದು. ಅವನನ್ನು ಹುಡುಕಿಕೊಂಡು ಹೋದೆ. ಅವನ ತಂದೆ ಹಮಾಲಿ. ಲಾರಿಯ ಹತ್ತಿರ ತಂದೆಯ ಬೆನ್ನಿಗೆ ಚೀಲ ಏರಿಸಲು ಈ ಹುಡುಗ ಒಂದು ಕಡೆ, ಇನ್ನೊಬ್ಬ ದೊಡ್ಡವರು ಇನ್ನೊಂದು ಕಡೆ ನಿಂತಿದ್ದರು. ನಮ್ಮ ಕಡೆ ಭತ್ತದ ಚೀಲವೆಂದರೆ 75 ಕೆ.ಜಿ. ಲೆಕ್ಕ. 'ಹೂಂ' ಎನ್ನುವಷ್ಟರಲ್ಲಿ ಇವನ ಕಡೆಯ ತುದಿ ಮೇಲೆ ಹೋಗಿತ್ತು, ದೊಡ್ಡವರ ಕಡೆಯದು ಇನ್ನೂ ಕೆಳಗಿತ್ತು. ನನ್ನನ್ನು ಕಂಡ ತಂದೆ ಚೀಲ ಇಳಿಸಿ, ಬೆವರು ಒರೆಸಿಕೊಂಡು ಹೇಳಿದರು: "ಮಾಸ್ತರ್ ಸಾಬ್, ಇವಗ ಓಡಾಕ ಬರಂಗಿಲ್ರಿ. ಎತ್ತಾಕ ಬರ್ತದ ನೋಡ್ರಿ."

ಆ ಮಾತು ನನ್ನನ್ನು ಬಿಡಲಿಲ್ಲ. ಓಡಲು ಬಾರದು, ಎತ್ತಲು ಬರುತ್ತದೆ. ಹಾಗಾದರೆ ಅವನಿಗೆ ಶಕ್ತಿ ಇದೆಯೋ ಇಲ್ಲವೋ? ಮನೆಗೆ ಬಂದು ಪುಸ್ತಕಗಳನ್ನು ಓದತೊಡಗಿದೆ. ನಮ್ಮ ವಿಜ್ಞಾನ ಶಿಕ್ಷಕರನ್ನು ಕಾಡಿಸಿ ಕೇಳಿ ತಿಳಿದುಕೊಂಡೆ. ಹಾಗೆ ತಿಳಿದದ್ದನ್ನೇ ಇಂದು ನಿಮಗೆ ಹೇಳುತ್ತಿದ್ದೇನೆ.

ಭಾಷಾ ಶಿಕ್ಷಕನಾದ್ದರಿಂದ ಮೊದಲು ಪದಗಳನ್ನು ಹಿಡಿಯುತ್ತೇನೆ. ನಮ್ಮ ಓಣಿಯಲ್ಲಿ ಕಸುವು, ಬಲ, ಶಕ್ತಿ, ತಾಕತ್ತು, ದಮ್ಮು ಎಲ್ಲಕ್ಕೂ ಒಂದೇ ಅರ್ಥ. ಯಾರಾದರೂ ಗಟ್ಟಿ ಮನುಷ್ಯನನ್ನು ಕಂಡರೆ ಈ ಐದರಲ್ಲಿ ಯಾವ ಪದ ಬಾಯಿಗೆ ಬಂತೋ ಅದನ್ನು ಹೇಳುತ್ತೇವೆ. ಆದರೆ ವಿಜ್ಞಾನದಲ್ಲಿ ಇವು ಬೇರೆ ಬೇರೆ. ಪದ ಸರಿಯಾಗಿರುವುದರ ಬೆಲೆ ಮಸ್ಕಿಯವರಿಗೆ ಹೇಳಿಕೊಡಬೇಕಾಗಿಲ್ಲ. 1915ರಲ್ಲಿ ಮಸ್ಕಿಯ ಬಂಡೆಯ ಮೇಲಿನ ಶಾಸನದಲ್ಲಿ 'ಅಶೋಕ' ಎಂಬ ಒಂದು ಹೆಸರು ಸಿಕ್ಕಿದ್ದರಿಂದಲೇ, ಬೇರೆ ಶಾಸನಗಳ 'ದೇವಾನಾಂಪ್ರಿಯ' ಎಂದರೆ ಅಶೋಕ ಚಕ್ರವರ್ತಿಯೇ ಎಂಬ ಮಾತು ಗಟ್ಟಿಯಾಯಿತು. ಒಂದು ಪದ ಅಷ್ಟು ಕೆಲಸ ಮಾಡಿತು.

ಈಗ ನಮ್ಮ ಪದಗಳಿಗೆ ಬರೋಣ. ಒಂದು ವಸ್ತುವನ್ನು ತಳ್ಳುವುದು ಅಥವಾ ಎಳೆಯುವುದು ಬಲ. ಉರ್ದುವಿನಲ್ಲಿ ಕುವ್ವತ್. ನಮ್ಮ ಹಳ್ಳಿಯ ಮಾತಿನಲ್ಲಿ ಇದನ್ನು ಕಸುವು ಎನ್ನೋಣ. ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಎಂಬುದು ವೇಗ, ಅಂದರೆ ರಫ್ತಾರ್. ಇದು ಚುರುಕು. ಬಲವನ್ನು ವೇಗದಿಂದ ಗುಣಿಸಿದರೆ ಬರುವುದು ಸಾಮರ್ಥ್ಯ, ಉರ್ದು ಪಠ್ಯಪುಸ್ತಕದ ತಾಕತ್. ಒಂದು ಸೆಕೆಂಡಿನಲ್ಲಿ ಎಷ್ಟು ಕೆಲಸ ಆಯಿತು ಎಂದು ಹೇಳುವುದೂ ಇದೇ. ಇದರ ಅಳತೆ ವ್ಯಾಟ್. ನಾವು ಪಂಪ್‌ಸೆಟ್ ಕೊಳ್ಳುವಾಗ ಕೇಳುವ 'ಎಷ್ಟು ಎಚ್.ಪಿ.' ಎಂಬುದೂ ಇದರ ಅಳತೆಯೇ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವ್ಯಾಟ್ ಅದನ್ನು ಕುದುರೆಯ ದುಡಿಮೆಗೆ ಹೋಲಿಸಿ ಹೇಳಿದ. ಒಂದು ಎಚ್.ಪಿ. ಎಂದರೆ ಸುಮಾರು 746 ವ್ಯಾಟ್. ಇನ್ನು ದಮ್ಮು ಎಂಬುದು ಬೇರೆಯೇ. ದಣಿಯದೆ ಬಹಳ ಹೊತ್ತು ದುಡಿಯುವ ಗುಣ ಅದು. ನಾನು ಆ ಹುಡುಗನಿಗೆ ಹತ್ತು ಸುತ್ತು ಹಾಕಿಸಿದಾಗ ಪರೀಕ್ಷಿಸಿದ್ದು ಅವನ ದಮ್ಮನ್ನು. 100 ಮೀಟರ್ ಓಡಿಸಿದಾಗ ನೋಡಿದ್ದು ಅವನ ಚುರುಕನ್ನು. ಅವನ ಸಾಮರ್ಥ್ಯ ಎಷ್ಟೆಂದು ನಾನು ಅಳೆದಿರಲೇ ಇಲ್ಲ.

ಸಾಮರ್ಥ್ಯವನ್ನು ಅಳೆಯಲು ದೊಡ್ಡ ಯಂತ್ರ ಬೇಕಿಲ್ಲ. ಒಂದು ಮೆಟ್ಟಿಲ ಸಾಲು, ಒಂದು ತೂಕದ ಯಂತ್ರ, ಮೊಬೈಲ್‌ನಲ್ಲಿರುವ ಸ್ಟಾಪ್‌ವಾಚ್ ಸಾಕು. ನಮ್ಮ ಶಾಲೆಯ ಮೆಟ್ಟಿಲು ಒಂದೊಂದೂ 15 ಸೆಂ.ಮೀ. ಎತ್ತರ. ಇಪ್ಪತ್ತು ಮೆಟ್ಟಿಲಿಗೆ 3 ಮೀಟರ್. ನಿಮ್ಮ ತೂಕವನ್ನು 9.8ರಿಂದ ಗುಣಿಸಿ, ಅದನ್ನು 3ರಿಂದ ಗುಣಿಸಿ, ಹತ್ತಲು ಹಿಡಿದ ಸೆಕೆಂಡುಗಳಿಂದ ಭಾಗಿಸಿ. ಬಂದ ಉತ್ತರವೇ ನಿಮ್ಮ ವ್ಯಾಟ್. ಹುಡುಗನನ್ನು ತಿರುಗಿ ಶಾಲೆಗೆ ಕರೆತಂದ ಮೇಲೆ ಈ ಪ್ರಯೋಗ ಮಾಡಿದೆವು. ತರಗತಿಯ ಅತ್ಯಂತ ಚುರುಕಿನ ಓಟಗಾರ 50 ಕೆ.ಜಿ. ಇದ್ದ, 2.5 ಸೆಕೆಂಡಿನಲ್ಲಿ ಹತ್ತಿದ. ನಮ್ಮ ಹುಡುಗ 70 ಕೆ.ಜಿ., 3.5 ಸೆಕೆಂಡು ತೆಗೆದುಕೊಂಡ. ಮತ್ತೆ ಎಲ್ಲರೂ ನಕ್ಕರು. ನಾನು ಹಲಗೆಯ ಮೇಲೆ ಲೆಕ್ಕ ಮಾಡಿಸಿದೆ. ಮೊದಲನೆಯವನದು 588 ವ್ಯಾಟ್. ಎರಡನೆಯವನದೂ 588 ವ್ಯಾಟ್. ನಗು ನಿಂತಿತು. ಕೈಯಿಂದ ಒತ್ತಿದ ಸ್ಟಾಪ್‌ವಾಚಿನಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದರೂ ಇಬ್ಬರ ಸಾಮರ್ಥ್ಯ ಹತ್ತಿರ ಹತ್ತಿರ ಒಂದೇ ಎಂಬುದರಲ್ಲಿ ಸಂದೇಹವಿರಲಿಲ್ಲ.

ಹಾಗಾದರೆ ಓಟದಲ್ಲಿ ಒಬ್ಬ ಮೊದಲು, ಇನ್ನೊಬ್ಬ ಕೊನೆ ಏಕೆ? ಓಡುವವನು ತನ್ನ ಮೈಯನ್ನೇ ಹೊತ್ತು ಓಡಬೇಕು. ಆದ್ದರಿಂದ ಅಲ್ಲಿ ಒಂದು ಕೆ.ಜಿ. ತೂಕಕ್ಕೆ ಎಷ್ಟು ವ್ಯಾಟ್ ಎಂಬುದು ಮುಖ್ಯ. ಮೊದಲನೆಯವನಿಗೆ ಅದು 11.8, ನಮ್ಮ ಹುಡುಗನಿಗೆ 8.4. ಆದರೆ ಗುಂಡು ಎಸೆತದಲ್ಲಿ ಮೈಯನ್ನು ದೂರ ಒಯ್ಯಬೇಕಾಗಿಲ್ಲ. ಹೊರಗಿನ ಭಾರವನ್ನು ದೂರ ಕಳಿಸಬೇಕು. ಅಲ್ಲಿ ಒಟ್ಟು ಸಾಮರ್ಥ್ಯ ಮತ್ತು ಅದರ ಹಿಂದಿರುವ ಬಲ ಕೆಲಸಕ್ಕೆ ಬರುತ್ತದೆ. ಒಂದೇ 588 ವ್ಯಾಟ್, ಒಬ್ಬನಲ್ಲಿ ವೇಗದ ಕಡೆಗೆ, ಇನ್ನೊಬ್ಬನಲ್ಲಿ ಬಲದ ಕಡೆಗೆ ವಾಲಿದೆ.

ಈ ಬಲ ಮತ್ತು ವೇಗಗಳ ನಡುವೆ ಒಂದು ಕಟ್ಟುನಿಟ್ಟಾದ ಸಂಬಂಧವಿದೆ. ಅದನ್ನು ಲೆಕ್ಕದಲ್ಲಿ ಹಿಡಿದವರು ಇಂಗ್ಲೆಂಡಿನ ಎ.ವಿ. ಹಿಲ್. ಸ್ನಾಯುಗಳ ಸಂಶೋಧನೆಗಾಗಿ ಅವರಿಗೆ 1922ರ ನೊಬೆಲ್ ಪ್ರಶಸ್ತಿ ಸಿಕ್ಕಿತು. ಅವರು 1943-44ರಲ್ಲಿ ನಮ್ಮ ದೇಶಕ್ಕೂ ಬಂದು, ಇಲ್ಲಿನ ವಿಜ್ಞಾನ ಸಂಶೋಧನೆ ಹೇಗಿರಬೇಕು ಎಂದು ವರದಿ ಕೊಟ್ಟುಹೋದವರು. 1927ರಲ್ಲಿ ಅಮೆರಿಕದಲ್ಲಿ ಓಟಗಾರರ ಮೈಗೆ ಆಯಸ್ಕಾಂತದ ಪಟ್ಟಿ ಕಟ್ಟಿ, ಓಟದ ದಾರಿಯುದ್ದಕ್ಕೂ ತಂತಿಯ ಸುರುಳಿಗಳನ್ನು ಇಟ್ಟು ಅವರ ವೇಗವನ್ನು ಅಳೆದರು. 1938ರಲ್ಲಿ ಕಪ್ಪೆಯ ತೊಡೆಯ ಸ್ನಾಯುವಿಗೆ ಬೇರೆ ಬೇರೆ ಭಾರ ಕಟ್ಟಿ, ಅದು ಎಷ್ಟು ವೇಗವಾಗಿ ಕುಗ್ಗುತ್ತದೆ ಎಂದು ಅಳೆದು ಒಂದು ಸಮೀಕರಣ ಕೊಟ್ಟರು. ಅದರ ಸಾರ ಇಷ್ಟೇ: ಭಾರ ಹೆಚ್ಚಿದಷ್ಟೂ ಸ್ನಾಯುವಿನ ವೇಗ ಇಳಿಯುತ್ತದೆ, ವೇಗ ಹೆಚ್ಚಿದಷ್ಟೂ ಅದು ಕೊಡಬಲ್ಲ ಬಲ ಇಳಿಯುತ್ತದೆ.

ಎರಡು ತುದಿಗಳನ್ನು ಯೋಚಿಸಿ. ನಿಂತ ಲಾರಿಯನ್ನು ಒಬ್ಬನೇ ತಳ್ಳಲು ಹೋದರೆ ನಿಮ್ಮ ಪೂರ್ತಿ ಬಲ ಹೊರಬರುತ್ತದೆ, ಲಾರಿ ಅಲುಗುವುದಿಲ್ಲ. ವೇಗ ಸೊನ್ನೆ, ಆದ್ದರಿಂದ ಸಾಮರ್ಥ್ಯವೂ ಸೊನ್ನೆ. ಇನ್ನೊಂದು ತುದಿಯಲ್ಲಿ, ಬರಿಗೈಯನ್ನು ಗಾಳಿಯಲ್ಲಿ ಬೀಸಿ. ವೇಗ ಬಹಳ, ಆದರೆ ಎದುರಿಗೆ ಭಾರವೇ ಇಲ್ಲ. ಬಲ ಸೊನ್ನೆಯ ಹತ್ತಿರ, ಸಾಮರ್ಥ್ಯವೂ ಹಾಗೆಯೇ. ಎರಡರ ನಡುವೆ ಎಲ್ಲೋ ಒಂದು ಕಡೆ ಸಾಮರ್ಥ್ಯ ಅತಿ ಹೆಚ್ಚು. ನಟ್ಟ ನಡುವೆ ಇರಬಹುದು ಎಂದು ನಾನು ಊಹಿಸಿದ್ದೆ. ಹಾಗಿಲ್ಲ. ಹಿಲ್ ಅವರ ಸಮೀಕರಣದ ಪ್ರಕಾರ ಒಂದು ಸ್ನಾಯು ತನ್ನ ಗರಿಷ್ಠ ಬಲದ ಅರ್ಧದಷ್ಟು ಭಾರವನ್ನು ಎಳೆಯುವಾಗ, ಅದರ ವೇಗ ಗರಿಷ್ಠದ ಅರ್ಧವಲ್ಲ, ಸುಮಾರು ಆರನೇ ಒಂದು ಭಾಗ ಮಾತ್ರ. ಗರಿಷ್ಠ ಬಲದ ಮೂರನೇ ಒಂದು ಭಾಗದ ಆಸುಪಾಸಿನ ಭಾರಕ್ಕೆ, ಗರಿಷ್ಠ ವೇಗದ ಮೂರನೇ ಒಂದು ಭಾಗದ ಆಸುಪಾಸಿನ ವೇಗದಲ್ಲಿ ಸಾಮರ್ಥ್ಯ ತುತ್ತತುದಿ ಮುಟ್ಟುತ್ತದೆ. ಇದು ಒಂಟಿ ಸ್ನಾಯುವಿನ ಲೆಕ್ಕ. ಸೈಕಲ್ ತುಳಿಯುವಾಗ, ಜಿಗಿಯುವಾಗ, ಓಟ ಪ್ರಾರಂಭಿಸುವಾಗ ಇಡೀ ಕಾಲಿನ ಹಲವು ಸ್ನಾಯುಗಳು ಕೂಡಿ ದುಡಿಯುತ್ತವೆ. ಆಗ ಆ ತುತ್ತತುದಿ ಅರ್ಧ ಬಲ, ಅರ್ಧ ವೇಗದ ಹತ್ತಿರಕ್ಕೆ ಬರುತ್ತದೆ.

ಏಕೆ ಹೀಗೆ? ಸ್ನಾಯುವಿನ ಒಳಗೆ ಮಯೋಸಿನ್ ಮತ್ತು ಆಕ್ಟಿನ್ ಎಂಬ ಎರಡು ಬಗೆಯ ಸಣ್ಣ ಎಳೆಗಳಿವೆ. 1954ರಲ್ಲಿ ಆಂಡ್ರ್ಯೂ ಹಕ್ಸ್‌ಲಿ ಮತ್ತು ಹ್ಯೂ ಹಕ್ಸ್‌ಲಿ, ತಮ್ಮ ತಮ್ಮ ಸಂಗಾತಿಗಳೊಂದಿಗೆ ಬೇರೆ ಬೇರೆಯಾಗಿ ಕೆಲಸ ಮಾಡಿ, ಈ ಎಳೆಗಳು ಒಂದರ ಮೇಲೊಂದು ಜಾರುತ್ತವೆ ಎಂದು ತೋರಿಸಿದರು. ಮಯೋಸಿನ್ ಎಳೆಯಲ್ಲಿ ಪುಟ್ಟ ಕೈಗಳಂತೆ ತಲೆಗಳಿವೆ. ಅವು ಆಕ್ಟಿನ್ ಎಳೆಯನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುತ್ತವೆ. ಜಾತ್ರೆಯಲ್ಲಿ ತೇರಿನ ಹಗ್ಗ ಎಳೆಯುವುದನ್ನು ನೋಡಿದ್ದೀರಲ್ಲ? ತೇರು ನಿಧಾನವಾಗಿ ಸರಿಯುವಾಗ ನೂರಾರು ಕೈಗಳು ಹಗ್ಗವನ್ನು ಬಿಗಿಯಾಗಿ ಹಿಡಿದಿರುತ್ತವೆ. ಹಗ್ಗ ಸರ್ರನೆ ಓಡತೊಡಗಿದರೆ, ಹಿಡಿಯಲು ಹೋದ ಕೈಗೆ ಹಗ್ಗ ಸಿಗುವ ಮೊದಲೇ ಮುಂದೆ ಹೋಗಿರುತ್ತದೆ. ಹಿಡಿದ ಕೈಗಳ ಸಂಖ್ಯೆ ಕಡಿಮೆಯಾದಂತೆ ಎಳೆಯುವ ಬಲವೂ ಕಡಿಮೆ. ನಮ್ಮ ತೋಳಿನೊಳಗೂ ನಡೆಯುವುದು ಇದೇ. ಸ್ನಾಯು ದಪ್ಪವಿದ್ದಷ್ಟೂ ಅಕ್ಕಪಕ್ಕ ನಿಂತು ಎಳೆಯುವ ಕೈಗಳು ಹೆಚ್ಚು, ಆದ್ದರಿಂದ ಬಲ ಹೆಚ್ಚು. ಸ್ನಾಯುವಿನ ಎಳೆ ಉದ್ದವಿದ್ದಷ್ಟೂ, ಮತ್ತು ಅದು ವೇಗದ ಜಾತಿಯ ಎಳೆಯಾಗಿದ್ದರೆ, ಚುರುಕು ಹೆಚ್ಚು.

ಇದಕ್ಕೆ ಮೈದಾನದಲ್ಲಿ ಸಾಕ್ಷಿ ಬೇಕೆ? ಪುರುಷರ ಗುಂಡು ಎಸೆತದ ಗುಂಡು 7.26 ಕೆ.ಜಿ., ಭರ್ಜಿ 800 ಗ್ರಾಂ. ಭರ್ಜಿ ಗುಂಡಿಗಿಂತ ಒಂಬತ್ತು ಪಟ್ಟು ಹಗುರ. ಹಾಗೆಂದು ಅದು ಒಂಬತ್ತು ಪಟ್ಟು ವೇಗವಾಗಿ ಹೋಗುವುದಿಲ್ಲ. ಉತ್ತಮ ಆಟಗಾರರ ಕೈಯಿಂದ ಗುಂಡು ಸೆಕೆಂಡಿಗೆ ಸುಮಾರು 14 ಮೀಟರ್ ವೇಗದಲ್ಲಿ ಹೊರಟರೆ, ಭರ್ಜಿ ಸುಮಾರು 30 ಮೀಟರ್ ವೇಗದಲ್ಲಿ ಹೊರಡುತ್ತದೆ. ಎರಡು ಪಟ್ಟು ಮಾತ್ರ. ತೋಳಿನ ವೇಗಕ್ಕೆ ಒಂದು ಮಿತಿ ಇದೆ. ಆ ಮಿತಿಯ ಹತ್ತಿರ ಹೋಗಿ ಎಸೆಯುವವರೇ 2021ರಲ್ಲಿ ಟೋಕಿಯೋದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದ ನೀರಜ್ ಚೋಪ್ರಾ, 2024ರಲ್ಲಿ ಪ್ಯಾರಿಸ್‌ನಲ್ಲಿ 92.97 ಮೀಟರ್ ಎಸೆದ ಪಾಕಿಸ್ತಾನದ ಅರ್ಷದ್ ನದೀಮ್. ಗುಂಡು ಎಸೆಯುವವರ ಮೈಕಟ್ಟು ಬೇರೆ, ಭರ್ಜಿ ಎಸೆಯುವವರ ಮೈಕಟ್ಟು ಬೇರೆ. ಇಬ್ಬರೂ ಕ್ರೀಡೆಗೆ ಯೋಗ್ಯರೇ.

ಭಾರ ಎತ್ತುವುದರಲ್ಲಿ ಒಂದು ತಮಾಷೆಯಿದೆ. 'ಪವರ್ ಲಿಫ್ಟಿಂಗ್' ಎಂದು ಹೆಸರಿಟ್ಟುಕೊಂಡ ಸ್ಪರ್ಧೆಯಲ್ಲಿ ಪವರ್ ಕಡಿಮೆ, ಒಲಿಂಪಿಕ್ಸ್‌ನ ವೇಟ್ ಲಿಫ್ಟಿಂಗ್‌ನಲ್ಲಿ ಹೆಚ್ಚು! ಒಬ್ಬನು 200 ಕೆ.ಜಿ.ಯನ್ನು ಅರ್ಧ ಮೀಟರ್ ಎತ್ತಲು 2 ಸೆಕೆಂಡು ತೆಗೆದುಕೊಂಡ ಎಂದಿಟ್ಟುಕೊಳ್ಳೋಣ. ಲೆಕ್ಕ ಮಾಡಿದರೆ 490 ವ್ಯಾಟ್. ನಮ್ಮ ಕರ್ನಾಟಕದ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ಪಡೆದರು. ಅದರಲ್ಲಿ ಸ್ನ್ಯಾಚ್‌ನ ಭಾರ 111 ಕೆ.ಜಿ. ಸ್ನ್ಯಾಚ್‌ನಲ್ಲಿ ಕಬ್ಬಿಣವನ್ನು ನಿಧಾನವಾಗಿ ಎತ್ತಲು ಆಗುವುದೇ ಇಲ್ಲ. ಸುಮಾರು ಒಂದು ಮೀಟರ್ ಎತ್ತರಕ್ಕೆ ಒಂದು ಸೆಕೆಂಡಿನೊಳಗೆ ಎಳೆದು, ಅದರ ಕೆಳಗೆ ನುಸುಳಬೇಕು. ಒಂದು ಸೆಕೆಂಡೇ ಎಂದು ಹಿಡಿದರೂ ಸುಮಾರು 1,088 ವ್ಯಾಟ್. ಭಾರ ಅರ್ಧದಷ್ಟು, ಸಾಮರ್ಥ್ಯ ಎರಡು ಪಟ್ಟು.

ಓಟಕ್ಕೆ ಬರೋಣ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನಲ್ಲಿ 100 ಮೀಟರ್ ಓಡಿದ್ದನ್ನು ಮೆಕ್ಸಿಕೋದ ಭೌತವಿಜ್ಞಾನಿಗಳು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. ಅವರ ಲೆಕ್ಕದಲ್ಲಿ ಬೋಲ್ಟ್‌ನ ಗರಿಷ್ಠ ಸಾಮರ್ಥ್ಯ ಸುಮಾರು 2,620 ವ್ಯಾಟ್, ಅಂದರೆ ಮೂರೂವರೆ ಎಚ್.ಪಿ. ಅದು ಬಂದದ್ದು ಓಟದ ಕೊನೆಯಲ್ಲಲ್ಲ, ಪ್ರಾರಂಭವಾದ 0.89 ಸೆಕೆಂಡಿಗೆ. ಆಗ ಬೋಲ್ಟ್ ತನ್ನ ಗರಿಷ್ಠ ವೇಗದ ಸುಮಾರು ಅರ್ಧದಲ್ಲಿದ್ದ. ನಾನು ಈಗಷ್ಟೇ ಹೇಳಿದ ಅರ್ಧ ಬಲ, ಅರ್ಧ ವೇಗದ ಮಾತು ಇಲ್ಲಿ ನೆನಪಾಗಬೇಕು. ಪೂರ್ತಿ ವೇಗಕ್ಕೆ ಬಂದ ಮೇಲೆ ಓಟಗಾರನ ಕಾಲು ನೆಲ ಮುಟ್ಟಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ. ಸ್ನಾಯು ತನ್ನ ಪೂರ್ತಿ ಬಲ ತೋರಿಸಲು ಸುಮಾರು 0.3 ಸೆಕೆಂಡಾದರೂ ಬೇಕು. ಆದ್ದರಿಂದ ಎಷ್ಟು ಬಲವಿದೆ ಎಂಬುದರ ಜೊತೆಗೆ ಅದು ಎಷ್ಟು ಬೇಗ ಹೊರಬರುತ್ತದೆ ಎಂಬುದನ್ನೂ ನೋಡಬೇಕು.

ಇಲ್ಲಿ 2020ರ ಫೆಬ್ರವರಿಯ ಸುದ್ದಿ ನಿಮಗೆ ನೆನಪಿರಬಹುದು. ದಕ್ಷಿಣ ಕನ್ನಡದ ಐಕಳದ ಕಂಬಳದಲ್ಲಿ ಮೂಡಬಿದಿರೆಯ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದರು. ಅದನ್ನು 100 ಮೀಟರಿಗೆ ಭಾಗಿಸಿದರೆ ಸುಮಾರು 9.56 ಸೆಕೆಂಡು ಬರುತ್ತದೆ. 'ಬೋಲ್ಟ್‌ನನ್ನು ಮೀರಿಸಿದ ಕನ್ನಡಿಗ' ಎಂದು ದೇಶವೆಲ್ಲಾ ಸುದ್ದಿಯಾಯಿತು. ಅಂದಿನ ಕೇಂದ್ರ ಕ್ರೀಡಾ ಸಚಿವರು ಪರೀಕ್ಷೆಗೆ ಆಹ್ವಾನಿಸಿದರು. ಶ್ರೀನಿವಾಸ ಗೌಡರು ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ನಯವಾಗಿ ಒಲ್ಲೆ ಎಂದರು. ಅವರ ಮಾತು ವಿಜ್ಞಾನಕ್ಕೆ ಸರಿಯಾಗಿತ್ತು. ಬೋಲ್ಟ್ ತನ್ನ ಮೈಯನ್ನು ತಾನೇ ಮುಂದಕ್ಕೆ ತಳ್ಳಬೇಕು. ಕಂಬಳದಲ್ಲಿ ಮುಂದಕ್ಕೆ ಎಳೆಯುವ ಬಲದ ಒಂದು ಪಾಲನ್ನು ಕೋಣಗಳು ಕೊಡುತ್ತವೆ. ಸ್ನಾಯುವಿನ ಮೇಲಿನ ಭಾರ ಇಳಿದರೆ ವೇಗ ಏರುತ್ತದೆ ಎಂದು ಹಿಲ್ ಹೇಳಿದ್ದು ಇದನ್ನೇ. ಇದರಿಂದ ಶ್ರೀನಿವಾಸ ಗೌಡರ ಸಾಧನೆ ಸಣ್ಣದಾಗುವುದಿಲ್ಲ. ಕೆಸರು ನೀರಿನಲ್ಲಿ ಕೋಣಗಳ ವೇಗಕ್ಕೆ ಕಾಲು ಕೂಡಿಸುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ. ಅಳೆಯುವ ಮೊದಲು ಏನನ್ನು ಅಳೆಯುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು, ಅಷ್ಟೇ. ಕಂಬಳದ ಓಟಗಾರ ಆ ಗೆರೆಯ ವೇಗದ ತುದಿಯಲ್ಲಿದ್ದರೆ, ನಮ್ಮ ಸಿಂಧನೂರಿನ ಹಮಾಲಿ ಬಲದ ತುದಿಯ ಕಡೆಗಿದ್ದಾನೆ.

ವಿದ್ಯಾರ್ಥಿಗಳೇ, ಈಗ ನೀವು ಮಾಡಬೇಕಾದದ್ದೇನು ಎಂದು ಹೇಳುತ್ತೇನೆ. ಸಾಮರ್ಥ್ಯ ಬೆಳೆಯಬೇಕಾದರೆ ಬಲವನ್ನೂ ಬೆಳೆಸಬೇಕು, ವೇಗವನ್ನೂ ಬೆಳೆಸಬೇಕು. ನಮ್ಮ ಗರಡಿಮನೆಯ ದಂಡ, ಬೈಠಕ್ ಬಲಕ್ಕೆ ಒಳ್ಳೆಯವು, ಖರ್ಚಿಲ್ಲದವು. ಹೊಸದಾಗಿ ಪ್ರಾರಂಭಿಸುವವರಿಗೆ ಬಲ ಹೆಚ್ಚಿದರೆ ಸಾಮರ್ಥ್ಯವೂ ತಾನಾಗಿ ಹೆಚ್ಚುತ್ತದೆ. ಅದರ ಜೊತೆಗೆ ನಿಂತಲ್ಲಿಂದ ಉದ್ದ ಜಿಗಿತ, ಗೋಡೆಗೆ ಸೀಮೆಸುಣ್ಣದ ಗುರುತು ಹಾಕುತ್ತಾ ಎತ್ತರ ಜಿಗಿತ, 20–30 ಮೀಟರಿನ ಚುರುಕು ಓಟ, ಹಗುರ ಚೆಂಡನ್ನು ಎರಡೂ ಕೈಯಿಂದ ಎಸೆಯುವುದು. ಒಂದು ಜಿಗಿತದ ಗುಂಪಿಗೂ ಇನ್ನೊಂದಕ್ಕೂ ನಡುವೆ ಎರಡು ಮೂರು ನಿಮಿಷ ಬಿಡುವು ಕೊಡಿ. ಇದು ಸೋಮಾರಿತನವಲ್ಲ. ಸ್ನಾಯುವಿನಲ್ಲಿ ತಟ್ಟನೆ ಸಿಗುವ ಇಂಧನ ಸುಮಾರು ಹತ್ತು ಸೆಕೆಂಡಿನ ಪೂರ್ತಿ ದುಡಿಮೆಗೆ ಮಾತ್ರ ಸಾಲುತ್ತದೆ. ಅದು ಮತ್ತೆ ತುಂಬಿಕೊಳ್ಳಲು ನಿಮಿಷಗಳು ಬೇಕು. ಬಿಡುವಿಲ್ಲದೆ ಮಾಡಿದರೆ ನೀವು ಬೆಳೆಸುವುದು ದಮ್ಮನ್ನು, ಸಾಮರ್ಥ್ಯವನ್ನಲ್ಲ. ಜಿಗಿತದ ಎತ್ತರ ಇಳಿಯತೊಡಗಿದರೆ ಅಂದಿಗೆ ನಿಲ್ಲಿಸಿ. ಬೆಟ್ಟದ ಮೆಟ್ಟಿಲು ಹತ್ತಿ ಇಳಿದ ಮರುದಿನ ತೊಡೆ ನೋಯುವುದು ಹೆಚ್ಚಾಗಿ ಇಳಿದದ್ದರಿಂದ. ಭಾರವನ್ನು ತಡೆಯುತ್ತಾ ಉದ್ದವಾಗುವ ಸ್ನಾಯು ಹೆಚ್ಚು ಬಲ ಕೊಡುತ್ತದೆ, ಹೆಚ್ಚು ಪೆಟ್ಟನ್ನೂ ತಿನ್ನುತ್ತದೆ. ಮಸ್ಕಿಯ ಹುಡುಗರು ಬೆಟ್ಟವನ್ನು ಓಡುತ್ತಾ ಹತ್ತಿದರೆ, ಇಳಿಯುವಾಗ ನಡೆದೇ ಇಳಿಯಿರಿ. ಶೇಂಗಾ, ಕಡಲೆ, ಹೆಸರುಕಾಳು, ಮೊಟ್ಟೆ, ಹಾಲು ತಿನ್ನಿ, ಕುಡಿಯಿರಿ. ರಾತ್ರಿ ಮೊಬೈಲ್ ಬದಿಗಿಟ್ಟು ನಿದ್ದೆ ಮಾಡಿ.

ಒಂದು ಎಚ್ಚರಿಕೆ. ತಾಕತ್ತು ತೋರಿಸಲು ಭತ್ತದ ಚೀಲಕ್ಕೆ ಕೈ ಹಾಕಬೇಡಿ. 60 ಕೆ.ಜಿ. ತೂಕದ ಒಬ್ಬರು 75 ಕೆ.ಜಿ. ಚೀಲ ಹೊತ್ತು, ಲಾರಿಗೆ ಹಾಕಿದ ಹಲಗೆಯ ಮೇಲೆ 1.2 ಮೀಟರ್ ಎತ್ತರವನ್ನು 4 ಸೆಕೆಂಡಿನಲ್ಲಿ ಏರಿದರೆ ಸುಮಾರು 397 ವ್ಯಾಟ್, ಅರ್ಧ ಎಚ್.ಪಿ.ಗಿಂತ ಹೆಚ್ಚು. ಇದನ್ನು ದಿನಕ್ಕೆ ಎಷ್ಟು ಸಲ ಮಾಡುತ್ತಾರೋ ನೀವೇ ಎಣಿಸಿ. ನನ್ನ ಅಬ್ಬಾ ಕೂಡ ಚೀಲ ಹೊತ್ತವರು. ಅವರ ಕಸುವಿನ ಬಗ್ಗೆ ಓಣಿಯವರು ಹೆಮ್ಮೆಯಿಂದ ಮಾತನಾಡುತ್ತಿದ್ದರು. ಐವತ್ತು ದಾಟುವಷ್ಟರಲ್ಲಿ ಕೆಳಗೆ ಕೂತರೆ ಏಳಲು ಗೋಡೆ ಹಿಡಿಯಬೇಕಾಯಿತು. ಒಬ್ಬ ವಯಸ್ಕ ಪುರುಷ ಹೊರುವ ಭಾರ 55 ಕೆ.ಜಿ.ಗಿಂತ ಹೆಚ್ಚಿದ್ದರೆ ಅದನ್ನು ಆದಷ್ಟು ಬೇಗ ಇಳಿಸಬೇಕು, ಎಳೆಯರಿಗೆ ಅದಕ್ಕಿಂತ ಬಹಳ ಕಡಿಮೆ ಇರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮ ಚೀಲ ಇನ್ನೂ 75 ಕೆ.ಜಿ. ಇಲ್ಲಿ ಕುಳಿತಿರುವ ವ್ಯಾಪಾರಸ್ಥ ಹಿರಿಯರು ಇದರ ಬಗ್ಗೆ ಒಂದಿಷ್ಟು ಯೋಚಿಸಬೇಕೆಂದು ಕೈಮುಗಿದು ಕೇಳುತ್ತೇನೆ.

ಹಿರಿಯರಿಗೆ ಇನ್ನೊಂದು ಮಾತು. ವಯಸ್ಸಾದಂತೆ ಬಲ ಇಳಿಯುತ್ತದೆ, ಆದರೆ ಸಾಮರ್ಥ್ಯ ಅದಕ್ಕಿಂತ ಬೇಗ ಇಳಿಯುತ್ತದೆ. ವೇಗದ ಜಾತಿಯ ಎಳೆಗಳು ಮೊದಲು ಸೊರಗುವುದು ಇದಕ್ಕೆ ಒಂದು ಕಾರಣ. ನಮಾಜಿನಲ್ಲಿ ಸಜ್ದಾದಿಂದ ಎದ್ದು ನಿಲ್ಲುವುದು, ಎಡವಿದಾಗ ತಟ್ಟನೆ ಕಾಲು ಮುಂದಿಟ್ಟು ಸಾವರಿಸಿಕೊಳ್ಳುವುದು, ಇವೆಲ್ಲ ಸಾಮರ್ಥ್ಯದ ಕೆಲಸಗಳೇ. ವೈದ್ಯರು ಬೇಡ ಎನ್ನದಿದ್ದರೆ, ಕುರ್ಚಿಯಿಂದ ದಿನಾ ಹತ್ತು ಸಲ ತುಸು ಚುರುಕಾಗಿ ಎದ್ದು, ನಿಧಾನವಾಗಿ ಕೂತು ನೋಡಿ.

ಹೆಣ್ಣುಮಕ್ಕಳ ಪಾಲಕರಿಗೂ ಒಂದು ವಿನಂತಿ. ಇದೆಲ್ಲ ಗಂಡುಮಕ್ಕಳಿಗೆ ಎಂದು ತಿಳಿಯಬೇಡಿ. ಪ್ರವಾದಿ ಮುಹಮ್ಮದ್ (ಸ) ಅವರು ಹಜ್ರತ್ ಆಯಿಷಾ (ರ) ಅವರೊಂದಿಗೆ ಓಟದ ಪಂದ್ಯ ಕಟ್ಟಿದ ಪ್ರಸಂಗ ಹದೀಸಿನಲ್ಲಿ ಬಂದಿರುವುದನ್ನು ನೀವು ಬಲ್ಲಿರಿ. ನಮ್ಮ ನೆರೆಯ ತೆಲಂಗಾಣದ ನಿಜಾಮಾಬಾದಿನ ನಿಖತ್ ಜರೀನ್ ತಂದೆಯ ಬೆಂಬಲದಿಂದ ಬಾಕ್ಸಿಂಗ್ ಕಲಿತು, 2022ರಲ್ಲಿ ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದರು. ಸುಮಾರು 50 ಕೆ.ಜಿ. ತೂಕದ ಮೈ. ಆ ಗುದ್ದಿನಲ್ಲಿ ಇರುವುದು ಬಲವನ್ನು ವೇಗದಿಂದ ಗುಣಿಸಿದ ಲೆಕ್ಕವೇ. ಮೆಟ್ಟಿಲ ಪ್ರಯೋಗದಲ್ಲಿ ನಿಮ್ಮ ಮಗಳೂ ನಿಲ್ಲಲಿ. ಅವಳ ವ್ಯಾಟ್ ಎಷ್ಟೆಂದು ಅವಳಿಗೂ ಗೊತ್ತಾಗಲಿ.

ಆ ಹುಡುಗನ ಕಥೆ ಏನಾಯಿತು ಎಂದು ನೀವು ಕೇಳುತ್ತೀರಿ. ಅವನ ಕೈಗೆ ಗುಂಡು ಕೊಟ್ಟೆ. ಮೊದಲ ವಾರ ಬರೀ ತೋಳಿನಿಂದ ಎಸೆಯುತ್ತಿದ್ದ. ಗುಂಡು ಕಾಲಿನಿಂದ ಹೊರಡಬೇಕು, ಕೊನೆಗೆ ಬೆರಳಿಗೆ ಬರಬೇಕು ಎಂದು ಇಬ್ಬರೂ ಕೂಡಿ ಕಲಿತೆವು. ಲಿಂಗಸುಗೂರಿನಲ್ಲಿ ನಡೆದ ತಾಲೂಕು ಮಟ್ಟದ ಕೂಟದಲ್ಲಿ ಮೂರನೆಯವನಾಗಿ ಬಂದ. ಜಿಲ್ಲಾ ಮಟ್ಟಕ್ಕೆ ಹೋಗಲಿಲ್ಲ. ಪತ್ರಿಕೆಯಲ್ಲಿ ಹೆಸರು ಬರಲಿಲ್ಲ. ಆದರೆ ಶಾಲೆ ಬಿಡಲಿಲ್ಲ, ಎಸ್.ಎಸ್.ಎಲ್.ಸಿ. ಪಾಸಾದ. ಈಗ ಸುಗ್ಗಿಯಲ್ಲಿ ಚೀಲ ಹೊರುವ ಬದಲು ಚೀಲದ ಲೆಕ್ಕ ಬರೆಯುತ್ತಾನೆ. ದಾರಿಯಲ್ಲಿ ಸಿಕ್ಕಾಗ ಸಲಾಂ ಹೇಳಿ, "ಸರ್, ಈ ವರ್ಷ ಗುಂಡಿಗೆ ಯಾರದಾರ್ರಿ?" ಎಂದು ತಪ್ಪದೆ ಕೇಳುತ್ತಾನೆ.

ನನ್ನ ಹಳೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಬರೆದಿದ್ದ ಆ ಎರಡು ಅಕ್ಷರದ 'ಯೋಗ್ಯ', ಅದರ ಮುಂದಿನ 'ನಲ್ಲ' ಎರಡನ್ನೂ ಹೊಡೆದು ಹಾಕಿ 588 ಎಂದು ಬರೆದಿದ್ದೇನೆ. ನನ್ನಂತೆ ಸೀಟಿ ಹಿಡಿದ ಶಿಕ್ಷಕ ಬಂಧುಗಳಿಗೆ ನನ್ನ ಕೋರಿಕೆ ಇಷ್ಟೇ: ಮಗುವಿನ ಹೆಸರಿನ ಮುಂದೆ ಏನಾದರೂ ಬರೆಯುವ ಮೊದಲು ಅಳೆಯಿರಿ. ಏನನ್ನು ಅಳೆದೆವು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.